ಆಕಾಶ ವೀಕ್ಷಣೆಯೂ ಸತ್ಯಾಣುವ್ರತವೂ

ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರಕಾರರೂ ರತ್ನಕರಂಡಕವನ್ನು ರಚಿಸಿದ ಸಮಂತಭದ್ರಾಚಾರ್ಯರೂ ಕೆಲವು ಹೆಸರುಗಳನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ. ಆದರೆ ಕೂಟಲೇಖವನ್ನು ಇಬ್ಬರೂ ಬಿಟ್ಟಿಲ್ಲ. ಕೂಟಲೇಖವೆಂದರೆ ಸುಳ್ಳು ಬರಹ. ನಮ್ಮಂಥ ವರ್ತಕರಿಗೆ ಈ ಮಾತು ಕೇಳಿದೊಡನೆ ನೆನಪಾಗುವುದು ಕಿರ್ದಿ-ಖಾತೆ ಪುಸ್ತಕಗಳು. ಗೊರಬಲನ್ನು ರಾಶಿಯೆಂದು ಬರೆಯುವುದು, ಬಾರದ ಚೀಲವನ್ನು ಬಂದಿತೆಂದು ಜಮೆ ತೋರಿಸುವುದು, ಹಿಂದಿನ ತಾರೀಖು ಹಾಕಿ ಪತ್ರ ಮಾಡುವುದು ಎಲ್ಲವೂ ಕೂಟಲೇಖವೇ. ಅಡಿಕೆ ವ್ಯಾಪಾರದಲ್ಲಿ ನಲವತ್ತು ವರ್ಷ ಕುಳಿತವನಿಗೆ ಈ ಬಗೆಯ ಉದಾಹರಣೆಗಳ ಕೊರತೆಯಿಲ್ಲ. ಆದರೆ ಈ ಅತಿಚಾರದ ವ್ಯಾಪ್ತಿ ಅಂಗಡಿಯ ಗಲ್ಲೆಯಿಂದ ಬಹಳ ಆಚೆಗೂ ಚಾಚಿದೆ ಎಂಬುದು ನನಗೆ ಸ್ಪಷ್ಟವಾದದ್ದು ಒಬ್ಬ ಆಕಾಶ ವೀಕ್ಷಕರ ಟಿಪ್ಪಣಿ ಪುಸ್ತಕವನ್ನು ನೋಡಿದಾಗ.

ಅವರ ಹೆಸರು ಇಲ್ಲಿ ಬೇಡ. ಅವರಿಗೂ ಅದು ಇಷ್ಟವಾಗದು. ಖಗೋಳ ವಿಜ್ಞಾನವನ್ನು ಶಾಲೆಗಳಲ್ಲಿ ತೋರಿಸಿ ಹೇಳುವುದೇ ಅವರ ವೃತ್ತಿ. ಸಣ್ಣದೊಂದು ದೂರದರ್ಶಕವನ್ನು ಹಳೆಯ ಟ್ರಂಕಿನಲ್ಲಿ ಹತ್ತಿಯಿಟ್ಟು ಸುತ್ತಿ, ಬಸ್ಸಿನ ಹಿಂದಿನ ಸೀಟಿನ ಕೆಳಗಿರಿಸಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಊರೂರು ತಿರುಗಿದವರು. ನಕ್ಷತ್ರ ನೋಡುವವನಿಗೆ ಮಲೆನಾಡು ಉಪಕಾರಿಯಾದ ಸೀಮೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೆಂಬುದೇ ಇಲ್ಲ. ಉಳಿದ ಕಾಲದಲ್ಲಿ ಮರ, ಗುಡ್ಡ, ಮುಂಜಾವಿನ ಮಂಜು. ಹೀಗಾಗಿ ಅವರ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಪುಟಗಳಲ್ಲಿ ನಕ್ಷತ್ರಗಳಿಗಿಂತ ಬೇರೆ ಸಂಗತಿಗಳೇ ಇದ್ದವು. ಯಾವ ಊರಿನಲ್ಲಿ ಯಾವ ದಿಕ್ಕಿಗೆ ಬಯಲಿದೆ, ಯಾವ ಬೀದಿಯಲ್ಲಿ ಹೊಸ ದೀಪ ಬಂದಿದೆ, ಮಿಂಚುಹುಳುಗಳು ಯಾವ ವಾರದಿಂದ ಕಾಣಿಸಿಕೊಂಡವು, ಶರಾವತಿಯ ಹಿನ್ನೀರಿನ ಮೇಲೆ ಮಂಜು ಎಷ್ಟು ಗಂಟೆಗೆ ಎದ್ದಿತು. ಪ್ರತಿ ಪುಟವನ್ನೂ ಅಡ್ಡಗೆರೆಗಳಿಂದ ಮೂರು ಅಂಕಣ ಮಾಡಿದ್ದರು: ಕಂಡದ್ದು, ಗಣಿಸಿದ್ದು, ಕೇಳಿದ್ದು.

೨೦೧೨ರ ಜೂನ್ ೬ರ ಪುಟವನ್ನು ನಾನು ಬಹಳ ಹೊತ್ತು ನೋಡಿದೆ. ಅಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯ್ದುಹೋಗುವ ಯೋಗ. ಮುಂದಿನದು ೨೧೧೭ರಲ್ಲಿ, ಅಂದರೆ ಇಂದು ಬದುಕಿರುವ ದೊಡ್ಡವರಾರಿಗೂ ಅದು ಲಭ್ಯವಿಲ್ಲ. ನಮ್ಮ ಕಡೆ ಸೂರ್ಯೋದಯದಿಂದ ಹತ್ತೂಕಾಲು ಗಂಟೆಯ ಸುಮಾರಿನವರೆಗೆ ಅದು ಕಾಣಬೇಕಿತ್ತು. ಹೊಸನಗರದ ಹತ್ತಿರದ ಒಂದು ಶಾಲೆಯ ಮಕ್ಕಳು ಬೆಳಗಿನಿಂದ ಅಂಗಳದಲ್ಲಿ ಕಾದಿದ್ದರಂತೆ. ‘ಗಣಿಸಿದ್ದು’ ಎಂಬ ಅಂಕಣ ಗಂಟೆ ನಿಮಿಷಗಳಿಂದ ತುಂಬಿತ್ತು. ‘ಕೇಳಿದ್ದು’ ಎಂಬಲ್ಲಿ ಬೇರೆ ಊರುಗಳಿಂದ ದೂರವಾಣಿಯಲ್ಲಿ ಬಂದ ವರದಿಗಳಿದ್ದವು. ‘ಕಂಡದ್ದು’ ಎಂಬಲ್ಲಿ ಒಂದೇ ಶಬ್ದ: ಮೋಡ.

ವಾಚಕರು ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಜೀವಮಾನದಲ್ಲಿ ಮತ್ತೆ ಬಾರದ ದೃಶ್ಯಕ್ಕಾಗಿ ಒಬ್ಬನು ನೂರು ಮಕ್ಕಳನ್ನು ಕೂಡಿಸಿಕೊಂಡು ಕಾಯುತ್ತಾನೆ. ಮೋಡದ ಸಂದಿಯಲ್ಲಿ ಕ್ಷಣಕಾಲ ಬೆಳಕು ಹರಿಯುತ್ತದೆ. ‘ಅಗೋ, ಕಂಡಿತು’ ಎಂದು ಒಬ್ಬ ಹುಡುಗ ಕೂಗಿದರೆ ಐವತ್ತು ಕಂಠಗಳು ಅದನ್ನು ಹಿಂಬಾಲಿಸುತ್ತವೆ. ಅಲ್ಲಿ ‘ಕಂಡಿತು’ ಎಂದು ಬರೆದರೆ ಯಾರಿಗೆ ನಷ್ಟ? ಖಾತೆಯಲ್ಲಿ ಸುಳ್ಳು ಬರೆದರೆ ಕೃಷಿಕನ ಹಣ ಹೋಗುತ್ತದೆ, ಸರಕಾರದ ತೆರಿಗೆ ಹೋಗುತ್ತದೆ. ಇಲ್ಲಿ ಹೋಗುವುದೇನೂ ಇಲ್ಲವಲ್ಲ! ಲಾಭವಿಲ್ಲದ, ಯಾರ ಗಂಟೂ ಹೋಗದ, ಯಾರೂ ಪರೀಕ್ಷಿಸಲಾರದ ಸುಳ್ಳಿನ ಮುಂದೆ ನಿಂತಾಗಲೇ ವ್ರತದ ಬಿಗಿ ಎಷ್ಟೆಂಬುದು ತಿಳಿಯುತ್ತದೆ. ನಷ್ಟ ಹೊಂದುವವನು ಎದುರಿಗಿದ್ದಾಗ ಸುಳ್ಳನ್ನು ತಡೆಯುವುದಕ್ಕೆ ಭಯವೂ ನೆರವಿಗೆ ಬರುತ್ತದೆ. ಇಲ್ಲಿ ಅದರ ನೆರವಿಲ್ಲ.

ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಎಂಬ ಖಗೋಳಜ್ಞನ ವೃತ್ತಾಂತವನ್ನು ಇದೇ ಮಿತ್ರರು ನನಗೆ ಹೇಳಿದರು. ೧೮೭೦ರ ಡಿಸೆಂಬರಿನ ಸೂರ್ಯಗ್ರಹಣಕ್ಕಾಗಿ ಆತ ಸಿಸಿಲಿ ದ್ವೀಪಕ್ಕೆ ಹೊರಟಾಗ ಹಡಗು ಬಂಡೆಗೆ ಬಡಿಯಿತು. ಜೀವ ಉಳಿಸಿಕೊಂಡು ಸಲಕರಣೆಗಳನ್ನು ಜೋಡಿಸಿದರೆ ಮೋಡ ಕವಿದು, ಪೂರ್ಣಗ್ರಹಣದಲ್ಲಿ ಆತನಿಗೆ ದಕ್ಕಿದ್ದು ಒಂದೂವರೆ ಸೆಕೆಂಡಿನ ನೋಟ. ಆತ ಅದನ್ನು ಒಂದೂವರೆ ಸೆಕೆಂಡು ಎಂದೇ ಹೇಳಿದ. ಮರುವರ್ಷ, ೧೮೭೧ರ ಡಿಸೆಂಬರ್ ೧೨ರ ಗ್ರಹಣಕ್ಕೆ, ಸಮುದ್ರ ದಾಟಿ ನಮ್ಮ ಕಾಸರಗೋಡಿನ ಬೇಕಲ ಕೋಟೆಗೆ ಬಂದು ನಿಂತ. ಅಲ್ಲಿ ಆಕಾಶ ತಿಳಿಯಾಗಿತ್ತು. ಹಿಂದಿನ ವರ್ಷದ ಬರಹ ಹಿಗ್ಗಿಸಿದ್ದಾಗಿದ್ದರೆ ಬೇಕಲದ ಬರಹವನ್ನು ನಂಬುವವರು ಯಾರು? ವ್ಯಾಪಾರದಲ್ಲಿ ನಾವು ‘ಪತ್ತು’ ಎನ್ನುವುದು ಇದನ್ನೇ.

ಇನ್ನು ನಮ್ಮದೇ ಸೀಮೆಯ ಬರಹಗಳಿಗೆ ಬರೋಣ. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳಿವೆ. ಅಂದಿನ ನಗರ ತಾಲೂಕೇ ಇಂದಿನ ಹೊಸನಗರ. ಸಾಂತರರ ರಾಜಧಾನಿಯಾಗಿದ್ದ ಪೊಂಬುಚ್ಚ, ಅಂದರೆ ನಮ್ಮ ಹೊಂಬುಜ, ಅದರಲ್ಲಿ ಸೇರಿದೆ. ೧೦೭೭ರಲ್ಲಿ ಚಟ್ಟಲದೇವಿ ಅಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ವಿವರವನ್ನು ಶಾಸನದಿಂದಲೇ ತಿಳಿಯುತ್ತೇವೆ. ಕನ್ನಡ ನಾಡಿನ ದಾನಶಾಸನಗಳು ಕಾಲವನ್ನು ಹೇಳುವ ಕ್ರಮವನ್ನು ಬಲ್ಲವರಿಗೆ ಗೊತ್ತು: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಅದರೊಡನೆ ಉತ್ತರಾಯಣ ಸಂಕ್ರಮಣ, ವ್ಯತೀಪಾತ, ಸೂರ್ಯಗ್ರಹಣ, ಸೋಮಗ್ರಹಣ. ಈ ಗ್ರಹಣಗಳನ್ನು ಗಣಿತದಿಂದ ಪರೀಕ್ಷಿಸುವ ಕೆಲಸ ಹಳೆಯದು. ರಾಬರ್ಟ್ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಹೊರತಂದ ಭಾರತೀಯ ಪಂಚಾಂಗದ ಗ್ರಂಥದಲ್ಲಿಯೇ ಇಲ್ಲಿ ಕಾಣಿಸಿದ ಸೂರ್ಯಗ್ರಹಣಗಳ ಕೋಷ್ಟಕವಿದೆ. ನಮ್ಮ ಕಾಲದಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಡಾ. ಬಿ. ಎಸ್. ಶೈಲಜಾ ಅವರು ಗೀತಾ ಕೈದಾಳ ಅವರೊಡನೆ ಶಾಸನಗಳಲ್ಲಿನ ಗ್ರಹಣ, ಸಂಕ್ರಮಣ, ಗ್ರಹಯುತಿಗಳ ಉಲ್ಲೇಖಗಳನ್ನು ಕಲೆಹಾಕಿ ಪರಿಶೀಲಿಸಿದ್ದಾರೆ. ಕಲ್ಲು ಕೂಡ ಒಂದು ವೀಕ್ಷಣಾ ಪುಸ್ತಕವಾಗಬಲ್ಲದು ಎಂಬುದು ಈ ವಿದ್ವಾಂಸರಿಂದ ನಮಗಾದ ಉಪಕಾರ.

ಆದರೆ ಇಲ್ಲೊಂದು ತೊಡಕಿದೆ. ಗ್ರಹಣದ ದಿನವೆಂದು ಹೇಳುವ ಶಾಸನಗಳೆಲ್ಲ ಗಣಿತಕ್ಕೆ ಹೊಂದುವುದಿಲ್ಲ. ಕೆಲವೆಡೆ ಗ್ರಹಣವೇನೋ ಆಗಿದೆ, ಆದರೆ ದಾನ ನಡೆದ ಊರಿಗೆ ಅದು ಕಾಣುವಂತಿರಲಿಲ್ಲ. ಕೆಲವೆಡೆ ವಾರವೂ ತಿಥಿಯೂ ಕೂಡಿಬರುವುದಿಲ್ಲ. ಇಂಥ ಶಾಸನ ಕೂಟಲೇಖವೇ? ಕೆಲವನ್ನು ಪಂಡಿತರು ಕೂಟಶಾಸನಗಳೆಂದು ತಳ್ಳಿಹಾಕಿರುವುದೂ ಉಂಟು. ನನಗೆ ತೋರುವುದಿಷ್ಟು. ದಾನ ಕೊಟ್ಟವನಿಗೆ ಬೇಕಾಗಿದ್ದುದು ಪುಣ್ಯಕಾಲ, ಅದನ್ನು ಹೇಳಿದವನು ಪಂಚಾಂಗದ ಜೋಯಿಸ, ಬರೆದವನು ಸೇನಬೋವ, ಕಂಡರಿಸಿದವನು ರೂವಾರಿ. ಈ ನಾಲ್ವರಲ್ಲಿ ಯಾರೂ ಆಕಾಶವನ್ನು ನೋಡಿದೆನೆಂದು ಹೇಳಿಲ್ಲ. ಗ್ರಹಣದ ನಿಮಿತ್ತ ಕೊಟ್ಟೆನೆಂಬುದು ನಿಜ, ಗದ್ದೆ ಬಸದಿಗೆ ಸೇರಿದ್ದೂ ನಿಜ. ಮೋಸದ ಉದ್ದೇಶವಿಲ್ಲದ್ದರಿಂದ ದಾನಿಯ ಮೇಲೆ ದೋಷ ಬರದು. ಆದರೂ ಒಂದು ಸಂಗತಿ ಕೈತಪ್ಪಿತು. ‘ಗಣಿಸಿದ್ದು’ ಎಂಬ ಅಂಕಣದಲ್ಲಿ ಇರಬೇಕಾದದ್ದು ಒಂದೇ ಸಾಲಿನಲ್ಲಿ ‘ಕಂಡದ್ದ’ರ ವೇಷ ಹಾಕಿಕೊಂಡು ನಿಂತಿತು. ಒಂಬೈನೂರು ವರ್ಷಗಳ ಅನಂತರ ಕಲ್ಲಿನೆದುರು ಕುಳಿತ ಅಭ್ಯಾಸಿಗೆ, ಅಂದು ಸೂರ್ಯನು ನಿಜವಾಗಿ ಮಂಕಾದನೇ ಎಂಬುದನ್ನು ಆ ಕಲ್ಲು ಹೇಳಲಾರದು. ಸ್ಯಾದ್ವಾದವನ್ನು ಹೊತ್ತು ಮೆರೆಸುವ ನಾವು ‘ಸ್ಯಾತ್’ ಎಂಬ ಮಾತಿಗೆ ದಿನನಿತ್ಯದ ಬರಹದಲ್ಲಿ ಎಷ್ಟು ಕಡಮೆ ಎಡೆಗೊಟ್ಟಿದ್ದೇವೆ! ಯಾವ ಅಪೇಕ್ಷೆಯಿಂದ ಹೇಳುತ್ತೇನೆಂಬುದನ್ನು ಹೇಳದೆ ಬಿಟ್ಟರೆ ದಿಟವಾದ ಮಾತೂ ಮುಂದಿನವನ ಕೈಯಲ್ಲಿ ಸಟೆಯಾಗುತ್ತದೆ.

ಇದೇ ತೊಡಕು ನಮ್ಮ ಮನೆಗಳ ಊಟದ ಹೊತ್ತಿನಲ್ಲೂ ಇದೆ. ರಾತ್ರಿಭೋಜನ ತ್ಯಾಗದ ನೇಮವುಳ್ಳವರು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ ೪೮ ನಿಮಿಷ, ಇರುವಾಗಲೇ ಊಟ ಮುಗಿಸಬೇಕೆಂಬುದು ಹಿರಿಯರ ವಿಧಿ. ಯಾವ ಸೂರ್ಯಾಸ್ತ? ಬೆಂಗಳೂರಿಗೆಂದು ಅಚ್ಚಾದ ಕ್ಯಾಲೆಂಡರಿನ ಸೂರ್ಯಾಸ್ತಕ್ಕೂ ಸಾಗರದ್ದಕ್ಕೂ ಹತ್ತು ನಿಮಿಷಗಳ ಅಂತರವಿದೆ. ಪಡುವಣದಲ್ಲಿರುವ ನಮ್ಮಲ್ಲಿ ತಡ. ಭಾರತದ ಗಡಿಯಾರ ನಿಂತಿರುವುದು ೮೨.೫ ಡಿಗ್ರಿ ರೇಖಾಂಶದ ಮೇಲೆ, ನಾವಿರುವುದು ೭೫ರ ಆಸುಪಾಸಿನಲ್ಲಿ. ಆದುದರಿಂದ ನಮ್ಮ ನಿಜವಾದ ಮಧ್ಯಾಹ್ನ ಗಡಿಯಾರದಲ್ಲಿ ಸರಿಸುಮಾರು ಹನ್ನೆರಡೂವರೆಗೆ. ಗುಡ್ಡದ ಬುಡದ ಮನೆಗೆ ಸೂರ್ಯನು ಐದಕ್ಕೇ ಮರೆಯಾಗುತ್ತಾನೆ. ಆಗುಂಬೆಯ ಘಟ್ಟದ ತುದಿಯಲ್ಲಿ ನಿಂತವನಿಗೆ ಅರಬೀ ಸಮುದ್ರದ ಅಂಚಿನವರೆಗೂ ಕಾಣುತ್ತಾನೆ. ಅಷ್ಟೇ ಅಲ್ಲ. ಕ್ಷಿತಿಜದ ಬಳಿ ಗಾಳಿಯು ಬೆಳಕನ್ನು ಬಾಗಿಸುವುದರಿಂದ, ಬಿಂಬದ ಕೆಳ ಅಂಚು ನೀರನ್ನು ಮುಟ್ಟಿದಂತೆ ಕಾಣುವ ಹೊತ್ತಿಗೆ, ಗಣಿತದ ಪ್ರಕಾರ ಇಡೀ ಬಿಂಬ ಕೆಳಗೆ ಇಳಿದುಹೋಗಿರುತ್ತದೆ. ಆಗುಂಬೆಯಲ್ಲಿ ಜನ ಕೈಮುಗಿದು ನೋಡುವ ಆ ಕೆಂಪು ಸೂರ್ಯನು ಅಲ್ಲಿಲ್ಲ! ಮಿತ್ರರು ಇದನ್ನು ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಅದೇ ತಾಲೂಕಿನ ಕುಂದಾದ್ರಿ, ಕುಂದಕುಂದಾಚಾರ್ಯರ ಹೆಸರಿನ ಬೆಟ್ಟ. ವ್ಯವಹಾರ ನಯ, ನಿಶ್ಚಯ ನಯ ಎಂಬ ಎರಡು ಕಣ್ಣುಗಳನ್ನು ಅವರು ಆತ್ಮವಿಚಾರಕ್ಕಾಗಿ ಕೊಟ್ಟರು. ಸಂಜೆಯ ಊಟದ ಗಂಟೆಗೆ ಅವನ್ನು ಎಳೆಯುವುದು ಅತಿಯಾಯಿತೆಂದು ವಿದ್ವಾಂಸರು ಹೇಳಿದರೆ ನಾನು ವಾದಿಸುವುದಿಲ್ಲ. ಆದರೆ ೪೮ ನಿಮಿಷಗಳ ಅವಕಾಶವಿಟ್ಟ ಹಿರಿಯರು ಕಣ್ಣಿಗೆ ಕಾಣುವ ಅಸ್ತವನ್ನು ಪೂರ್ತಿಯಾಗಿ ನಂಬಿರಲಿಲ್ಲವೆಂಬುದಂತೂ ನಿಶ್ಚಯ.

ನಮ್ಮ ಪೂರ್ವಿಕರು ನೆರಳನ್ನು ಅಳೆದು ಹೊತ್ತು ತಿಳಿಯುತ್ತಿದ್ದರು. ಪೌರುಷಿ ಎಂಬ ಕಾಲಮಾನದ ಹೆಸರೇ ಪುರುಷನ ನೆರಳಿನಿಂದ ಬಂದದ್ದು. ಏಪ್ರಿಲ್ ೨೬ರಿಂದ ೨೮ರೊಳಗೆ ಈ ಮೂರೂ ಊರುಗಳಲ್ಲಿ ಸೂರ್ಯನು ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಹನ್ನೆರಡು ಗಂಟೆ ಇಪ್ಪತ್ತೇಳು ನಿಮಿಷದ ಸುಮಾರಿಗೆ ಬುಡದಲ್ಲಿ ಅಡಗುತ್ತದೆ. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಹೀಗಾಗುತ್ತದೆ, ಆದರೆ ಆಗ ಮಲೆನಾಡಿನಲ್ಲಿ ನೆರಳೇ ಬೀಳುವುದಿಲ್ಲ. ಒಂದು ಕೋಲು ಸಾಕು, ದೂರದರ್ಶಕವೂ ಬೇಡ.

ಈಗ ನಾನು ಬಹಳ ದಿನಗಳಿಂದ ಬರೆಯಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ನಮ್ಮ ಲೋಕಸ್ವರೂಪದ ಗ್ರಂಥಗಳಲ್ಲಿ ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು. ಅವರು ಮೇರುವನ್ನು ಸುತ್ತುತ್ತಾರೆ. ಇಂದು ನಮಗೆ ಬೆಳಗಿದ ಸೂರ್ಯನು ನಾಳೆ ಇನ್ನೊಂದು ಕಡೆಗೆ ಹೋಗುತ್ತಾನೆ, ನಾಳೆ ನಮಗೆ ಬರುವವನು ಮತ್ತೊಬ್ಬ. ಆರನೆಯ ಶತಮಾನದಲ್ಲಿಯೇ ವರಾಹಮಿಹಿರನು ಇದನ್ನು ಆಕ್ಷೇಪಿಸಿದ್ದಾನೆ. ಅವನು ಅನ್ಯಮತೀಯನೆಂದು ನಾವು ಕಿವಿಗೊಡದೆ ಇರಬಹುದು. ಆದರೆ ೨೦೧೪ರ ಜನವರಿ ಮೊದಲ ವಾರ, ಸೂರ್ಯನ ಮೇಲೆ ಭೂಮಿಗಿಂತ ಅನೇಕ ಪಟ್ಟು ಅಗಲದ ಕಲೆಯೊಂದು ಕಾಣಿಸಿಕೊಂಡಿದ್ದಾಗ, ಮಿತ್ರರು ನಮ್ಮ ಪಾಠಶಾಲೆಯ ಮಕ್ಕಳಿಗೆ ಅದನ್ನು ತೋರಿಸಿದರು. ಸೂರ್ಯನನ್ನು ಕೊಳವೆಯೊಳಗೆ ನೇರವಾಗಿ ನೋಡಿದರೆ ಕಣ್ಣು ಹೋಗುವುದರಿಂದ, ಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ಮಕ್ಕಳಿಂದ ಸೀಸದಕಡ್ಡಿಯಲ್ಲಿ ಗುರುತು ಹಾಕಿಸಿದರು. ಒಂದು ದಿನವಲ್ಲ, ಮೂರು ದಿನ, ಅದೇ ಹೊತ್ತಿಗೆ. ಕಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತ ಹೋಯಿತು. ಮೂರನೆಯ ದಿನ, ಹನ್ನೆರಡು ವರ್ಷದ ಒಬ್ಬ ಹುಡುಗಿ ಮೂರು ಕಾಗದಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ಕೇಳಿದಳು: ‘ಇವತ್ತಿನ ಸೂರ್ಯ ಬೇರೆಯಾಗಿದ್ದರೆ ನಿನ್ನೆಯ ಕಲೆ ಇವನ ಮೇಲೆ ಹೇಗೆ ಬಂತು?’

ಪಾಠಶಾಲೆಯಲ್ಲಿ ಕಲಿಸುತ್ತಿದ್ದ ಹಿರಿಯರೊಬ್ಬರಿಗೆ ಇದು ಸರಿಬೀಳಲಿಲ್ಲ. ಅವರು ಮೂಢರಲ್ಲ, ಸ್ವಾಧ್ಯಾಯಿಗಳು, ನಿರ್ಮಲ ಚಾರಿತ್ರ್ಯದವರು. ಅವರೆಂದರು: ‘ಇಂದು ಸೂರ್ಯನನ್ನು ಬಿಟ್ಟುಕೊಟ್ಟರೆ ನಾಳೆ ಸ್ವರ್ಗ ನರಕಗಳನ್ನು ಬಿಟ್ಟುಕೊಡಬೇಕು, ನಾಳಿದ್ದು ಕರ್ಮವನ್ನು. ಎಲ್ಲಿ ನಿಲ್ಲುತ್ತೀರಿ?’ ಈ ಪ್ರಶ್ನೆಯನ್ನು ನಗೆಯಿಂದ ತಳ್ಳಿಹಾಕುವ ವಿದ್ಯಾವಂತ ಯುವಕರನ್ನು ನಾನು ಕಂಡಿದ್ದೇನೆ. ಅವರ ನಗೆ ನನಗೆ ಹಿಡಿಸದು. ಶ್ರದ್ಧೆಯೆಂಬುದು ಬಿಡಿಬಿಡಿಯಾಗಿ ಮಾರುವ ಸರಕಲ್ಲ. ಒಂದು ಎಳೆ ಎಳೆದರೆ ಇಡೀ ವಸ್ತ್ರ ಸುಕ್ಕುಗಟ್ಟುತ್ತದೆಂಬ ಅವರ ಭೀತಿ ನ್ಯಾಯವಾದದ್ದು.

ಹಾಗಿದ್ದರೂ ಆ ಹುಡುಗಿಗೆ ಏನೆಂದು ಉತ್ತರಿಸುವುದು? ಎರಡೂ ಸೂರ್ಯರ ಮೇಲೆ ಒಂದೇ ಬಗೆಯ ಕಲೆ ಇದ್ದೀತು ಎಂದರೆ ಅದು ಉತ್ತರವಾಗದು. ಅಡಿಕೆಯ ಚೀಲದ ತೂಕ ಕಡಮೆಯಾದಾಗ ಗುಮಾಸ್ತನು ಹೇಳುವ ಸಬೂಬಾದೀತು. ಸಮಂತಭದ್ರಾಚಾರ್ಯರು ಶಾಸ್ತ್ರದ ಲಕ್ಷಣವನ್ನು ಹೇಳುವಾಗ, ಅದು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ವಿರೋಧವಾಗಿರಬಾರದೆಂದು ಸೇರಿಸಿದ್ದಾರೆ. ಆಪ್ತಮೀಮಾಂಸೆಯಲ್ಲಿ ಅವರು ಇನ್ನೂ ಮುಂದೆ ಹೋಗಿ, ದೇವತೆಗಳ ಆಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅಷ್ಟಕ್ಕೇ ತೀರ್ಥಂಕರರು ಪೂಜ್ಯರಾಗುವುದಿಲ್ಲ, ಯುಕ್ತಿಗೆ ಶಾಸ್ತ್ರಕ್ಕೆ ವಿರೋಧವಿಲ್ಲದ ಮಾತಿನಿಂದ ಪೂಜ್ಯರಾಗುತ್ತಾರೆ ಎಂಬ ಅಭಿಪ್ರಾಯವನ್ನು ಎದೆಗಾರಿಕೆಯಿಂದ ಮಂಡಿಸಿದ್ದಾರೆ. ಇನ್ನು ವೀರಸೇನಾಚಾರ್ಯರು. ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಅವರ ಧವಲಾ ಟೀಕೆ ೧೯೩೯ರಿಂದ ಅಚ್ಚಾಗತೊಡಗಿದ ಮೇಲೆ ಎಲ್ಲರಿಗೂ ಲಭ್ಯವಾಗಿದೆ. ಲೋಕವು ಮೃದಂಗದ ಆಕಾರವೆಂಬ ರೂಢಿಯ ಮಾತಿನಂತೆ ಲೆಕ್ಕ ಹಾಕಿದರೆ ೩೪೩ ಘನರಜ್ಜು ಬರುವುದಿಲ್ಲವೆಂದು ಅವರು ಗಣಿತ ಮಾಡಿ ತೋರಿಸಿ, ಬೇರೆ ಆಕಾರವನ್ನು ಸ್ಥಾಪಿಸಿದರು. ಎರಡು ಉಪದೇಶಗಳು ಪರಸ್ಪರ ವಿರೋಧವಾಗಿ, ನಿರ್ಣಯಿಸಬಲ್ಲ ಜ್ಞಾನಿಗಳಿಲ್ಲದಾಗ, ಎರಡನ್ನೂ ಸಂಗ್ರಹಿಸಿಡಬೇಕೆಂಬ ವಿವೇಕವೂ ಅವರದೇ. ಲೆಕ್ಕ ಹಾಕಬಲ್ಲಲ್ಲಿ ಲೆಕ್ಕ ಹಾಕಿದರು; ಹಾಕಲಾಗದಲ್ಲಿ ಎರಡೂ ಅಂಕಣಗಳನ್ನು ತೆರೆದಿಟ್ಟರು.

ಇದರ ಮೇಲಿಂದ ನಾನು ಹಿರಿಯರಿಗೆ ಹೇಳಿದ್ದು ಇಷ್ಟೆ. ಸೂರ್ಯನು ಇಂದ್ರಿಯಕ್ಕೆ ವಿಷಯನಾದವನು. ಅವನ ಲೆಕ್ಕ ಕಾಗದದ ಮೇಲೆ ಬೀಳುತ್ತದೆ. ನರಕ ಸ್ವರ್ಗಗಳಾಗಲಿ ಕರ್ಮಪುದ್ಗಲಗಳ ಬಂಧವಾಗಲಿ ಯಾವ ಮಸೂರದಿಂದಲೂ ಕಾಗದದ ಮೇಲೆ ಬೀಳುವುದಿಲ್ಲ. ಅವುಗಳ ವಿಷಯದಲ್ಲಿ ಆ ಮೂರು ಕಾಗದಗಳು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಎಲ್ಲಿ ನಿಲ್ಲುವುದೆಂದರೆ, ಕಂಡದ್ದು ಎಲ್ಲಿ ಮುಗಿಯುವುದೋ ಅಲ್ಲಿ. ಅದಕ್ಕೆ ಅವರು, ‘ನಾಳೆ ಇನ್ನೂ ದೊಡ್ಡ ಮಸೂರ ಬಂದರೆ?’ ಎಂದರು. ಬಂದರೆ ಗೆರೆ ಇನ್ನಷ್ಟು ಆಚೆಗೆ ಸರಿಯುತ್ತದೆ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದ ಸಂಜೆ ನಮ್ಮ ಮನೆಗಳಲ್ಲಿ ಕೈತಟ್ಟಿದವರೇ ಮರುದಿನ ಪಾಠಶಾಲೆಯಲ್ಲಿ ಎರಡು ಚಂದ್ರರನ್ನು ಬಾಯಿಪಾಠ ಮಾಡಿಸುತ್ತಾರೆ. ಮಕ್ಕಳು ಎರಡನ್ನೂ ಒಪ್ಪಿಸಿ ಎರಡನ್ನೂ ನಂಬದೆ ಹೋಗುವುದನ್ನು ಕಲಿಯುತ್ತಾರೆ. ನನಗೆ ಭಯವಿರುವುದು ಇದರ ಬಗ್ಗೆ. ಸುಳ್ಳು ಖಾತೆಗಿಂತ ಎರಡು ಖಾತೆ ಇಡುವ ಅಂಗಡಿ ಹೆಚ್ಚು ಬೇಗ ಮುಳುಗುವುದನ್ನು ನಾನು ನೋಡಿದ್ದೇನೆ.

ಪ್ರಾಚೀನರು ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ. ಸೂರ್ಯಪ್ರಜ್ಞಪ್ತಿಯಲ್ಲಿ ಹಗಲು ಇರುಳುಗಳ ಏರಿಳಿತ, ನೆರಳಿನ ಅಳತೆ, ತಿಥಿ ನಕ್ಷತ್ರಗಳ ಗಣಿತ ಎಷ್ಟು ಶ್ರಮದಿಂದ ಕೂಡಿದೆ! ತಮಗೆ ದೊರೆತ ಸಾಧನದಿಂದ ಆಕಾಶವನ್ನು ಲೆಕ್ಕಕ್ಕೆ ತಂದವರು ಅವರು. ೧೦೪೯ರಲ್ಲಿ ಜಾತಕತಿಲಕವನ್ನು ಕನ್ನಡದಲ್ಲಿ ಬರೆದ ಶ್ರೀಧರಾಚಾರ್ಯನೂ, ಅದಕ್ಕೂ ಮೊದಲು ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನೂ ಅದೇ ಶ್ರಮದ ಸಂತತಿ. ಅವರ ಬರಹ ಕೂಟಲೇಖವಲ್ಲ. ಮೂರು ಕಾಗದಗಳನ್ನು ಕಣ್ಣಾರೆ ಕಂಡ ಮೇಲೆಯೂ ನಾವು ಅದೇ ಸಾಲನ್ನು ‘ಕಂಡದ್ದು’ ಎಂಬಂತೆ ಮಕ್ಕಳ ಪುಸ್ತಕದಲ್ಲಿ ಅಚ್ಚು ಹಾಕಿಸಿದರೆ, ಆ ದೋಷ ನಮ್ಮ ಹೆಸರಿಗೆ ಜಮೆಯಾಗುತ್ತದೆ.

ಪ್ರಸಂಗವಶಾತ್ ಇನ್ನೊಂದು ಮಾತು. ಮಿತ್ರರು ನಕ್ಷತ್ರ ತೋರಿಸುವ ಮುನ್ನ ಅಂಗಳದ ವಿದ್ಯುದ್ದೀಪಗಳನ್ನೆಲ್ಲ ಆರಿಸಲು ಹೇಳುತ್ತಾರೆ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನಮ್ಮ ಬಸದಿಯ ಜಗಲಿಯ ದೀಪದಡಿ ಬೆಳಗಾಗುವ ಹೊತ್ತಿಗೆ ಬಿದ್ದಿರುವ ಹುಳುಗಳನ್ನು ಪೊರಕೆಯಿಂದ ಗುಡಿಸುವವರಿಗೆ ಆ ಸೂಚನೆಯಲ್ಲಿ ಬೇರೊಂದು ಅರ್ಥವೂ ತೋರೀತು. ರಾತ್ರಿ ಉಣ್ಣದವರ ಅಂಗಳದಲ್ಲಿ ರಾತ್ರಿಯಿಡೀ ದೀಪವೇಕೆಂದು ಅವರು ಒಮ್ಮೆ ಸಹಜವಾಗಿ ಕೇಳಿದರು. ಆಡಳಿತ ಮಂಡಳಿಯ ಮುಂದೆ ಈ ಪ್ರಶ್ನೆಯನ್ನಿಟ್ಟೆ. ಕಳ್ಳಕಾಕರ ಭಯವೆಂದು ಉತ್ತರ ಬಂತು. ಅದೂ ಸುಳ್ಳಲ್ಲ. ಈಗ ಹತ್ತು ಗಂಟೆಯ ಮೇಲೆ ಬಾಗಿಲ ಬಳಿಯ ಒಂದು ದೀಪ ಮಾತ್ರ ಉರಿಯುತ್ತದೆ, ಅದೂ ನೆಲಕ್ಕೆ ಮುಖಮಾಡಿ.

ಪಾಠಶಾಲೆಯಲ್ಲಿ ಈಗ ಲೋಕಾಕಾರದ ಪಾಠವನ್ನು ಬಿಟ್ಟಿಲ್ಲ. ಗ್ರಂಥದಲ್ಲಿ ಹೀಗಿದೆ ಎಂದು ಹೇಳಿ, ಗ್ರಂಥದ ಹೆಸರು ಹೇಳಿ ಕಲಿಸುತ್ತಾರೆ. ಕಲೆಯ ಕಾಗದಗಳನ್ನೂ ಗೋಡೆಗೆ ಅಂಟಿಸಿದ್ದಾರೆ. ಹಿರಿಯರು ಆ ಗೋಡೆಯ ಕಡೆಗೆ ಬೆನ್ನು ಮಾಡಿ ಕುಳಿತು ಪಾಠ ಹೇಳುತ್ತಿದ್ದರು. ಕಳೆದ ವರ್ಷ ಏಪ್ರಿಲ್ ೨೮ರಂದು ಅಂಗಳದಲ್ಲಿ ಕೋಲು ನೆಟ್ಟಾಗ ಮಾತ್ರ, ಪಂಚೆ ಎತ್ತಿ ಕಟ್ಟಿ, ನೆರಳಿನ ಬುಡದಲ್ಲಿ ಕುಳಿತು, ಗಡಿಯಾರ ಹಿಡಿದಿದ್ದ ಹುಡುಗನಿಗೆ ‘ಎಷ್ಟಾಯಿತು, ಸರಿಯಾಗಿ ನೋಡಿ ಹೇಳು’ ಎಂದು ಎರಡು ಬಾರಿ ಕೇಳಿದರು.